ಪದಚರ್ಚೆ: ಬೇಸ್‌ಮೆಂಟ್, ಗ್ಯಾರೇಜ್, ಸ್ಲ್ಯಾಬ್ – ಈ ನೆಲಗಳಿಗೆ ನಮ್ಮ ಕಡೆಯ ಮಾತು ಯಾವುದು?

ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ.

ಮನೆಯ ಹಳೇ ಕಾಂಕ್ರೀಟ್ ನೆಲ ಒಡೆದು ಹೊಸದು ಹಾಕುವ ಬಗ್ಗೆ ಇಂಗ್ಲಿಷಿನಲ್ಲಿರುವ ಒಂದು ಚಿಕ್ಕ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ದಾವಣಗೆರೆ, ಚಿತ್ರದುರ್ಗದ ಮೇಸ್ತ್ರಿಗಳು ಮತ್ತು ಮನೆ ಮಾಲೀಕರು. ಕರಡಿನ ಒಂದು ಸಾಲು ಹೀಗಿದೆ: ‘ಬೇಸ್‌ಮೆಂಟ್ ಮತ್ತು ಗ್ಯಾರೇಜಿನ ಸ್ಲ್ಯಾಬ್ ಒಡೆದು, ಅಡಿಯ ಬೆಡ್ ಸರಿಪಡಿಸಿ, ಹೊಸ ಕಾಂಕ್ರೀಟ್ ಹಾಕಿ ಜಾಯಿಂಟ್ ಬಿಡಿ, ಒಣಗುವವರೆಗೆ ಕ್ಯೂರಿಂಗ್ ಮಾಡಿ.’

ಇದನ್ನು ಕ್ರಮವಾಗಿ ನೆಲಮಾಳಿಗೆ, ವಾಹನಶಾಲೆ, ಚಪ್ಪಡಿ, ಹಾಸು, ಕೀಲು, ಪಕ್ವಗೊಳಿಸುವಿಕೆ ಎಂದು ಬದಲಿಸಿದರೆ ಸರಿಹೋಗುತ್ತದೆಯೇ? ಅಥವಾ ಇಂಗ್ಲಿಷ್ ಪದಗಳನ್ನೇ ಬಿಡುವುದು ಲೇಸೇ? ಕೆಲಸದ ಜಾಗದಲ್ಲಿ ಆಡುವ ಮಾತು ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಉತ್ತರ, ದಾವಣಗೆರೆಯಿಂದ

ಮೇಡಂ, ಆ ಇಂಗ್ಲಿಷ್ ಪದಗಳನ್ನು ಹಾಗೇ ಬಿಟ್ಟರೆ ಕೆಲಸವೇ ತಪ್ಪಾಗುತ್ತದೆ. ಅವೆಲ್ಲ ನಮ್ಮ ಊರಿಗೆ ಬಂದು ಬೇರೆ ಬೇರೆ ಅರ್ಥ ಹಿಡಿದು ಕೂತಿವೆ.

ಇಲ್ಲಿ ‘ಬೇಸ್‌ಮೆಂಟ್ ಆಯ್ತಾ?’ ಎಂದು ಕೇಳಿದರೆ ಪಾಯದ ಮೇಲೆ ಎರಡು ಮೂರು ಅಡಿ ಎತ್ತರಕ್ಕೆ ಕಲ್ಲು ಕಟ್ಟಿ, ಒಳಗೆ ಮಣ್ಣು ತುಂಬಿದ ಭಾಗ ಮುಗಿಯಿತಾ ಎಂದರ್ಥ. ಭೂಮಿಯೊಳಗಿನ ಕೋಣೆಗೆ ಸೆಲ್ಲರ್ ಎನ್ನುತ್ತಾರೆ, ಇಲ್ಲವೇ ಅಂಡರ್‌ಗ್ರೌಂಡ್. ಹಾಗಾಗಿ ‘ಬೇಸ್‌ಮೆಂಟ್ ನೆಲ ಒಡೆಯಿರಿ’ ಎಂದು ಅಚ್ಚಾದರೆ ಮೇಸ್ತ್ರಿ ಮನೆಯ ಪಡಸಾಲೆಗೇ ಹಾರೆ ಹಾಕುತ್ತಾನೆ. ಎರಡರ ರೋಗವೂ ಬೇರೆ. ಪಡಸಾಲೆಯ ನೆಲ ಕೂರುವುದು ಒಳಗೆ ತುಂಬಿದ ಮಣ್ಣನ್ನು ದಮ್ಮಸು ಮಾಡದೆ, ಅಂದರೆ ಕುಟ್ಟಿ ಬಿಗಿ ಮಾಡದೆ, ಬಿಟ್ಟಿದ್ದರಿಂದ. ಸೆಲ್ಲರಿನ ನೆಲ ಹಾಳಾಗುವುದು ಕೆಳಗಿನಿಂದ ಬರುವ ನೀರಿನಿಂದ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ನಾಲೆಗೆ ನೀರು ಬಿಟ್ಟಾಗ ಸುತ್ತಲಿನ ನೆಲದೊಳಗೂ ನೀರು ಮೇಲೇರುತ್ತದೆ. ಆಗ ಸೆಲ್ಲರಿನ ಮೂಲೆಯಲ್ಲಿ ನೀರು ಜಿನುಗಿ, ಆರಿದ ಮೇಲೆ ಬಿಳಿ ಉಪ್ಪು ಏಳುತ್ತದೆ. ಮೇಲೆ ಎಷ್ಟು ಗಾರೆ ಬಳಿದರೂ ಅದು ನಿಲ್ಲುವುದಿಲ್ಲ. ನೆಲಮಾಳಿಗೆ ಎಂಬ ಪದ ಎಲ್ಲರಿಗೂ ತಿಳಿಯುತ್ತದೆ. ಮೊದಲ ಸಲ ಬಂದಾಗ ‘ನೆಲಮಾಳಿಗೆ, ಅಂದರೆ ಸೆಲ್ಲರ್’ ಎಂದು ಬರೆದುಬಿಡಿ.

ಗ್ಯಾರೇಜ್ ಇಲ್ಲಿ ಗಾಡಿ ರಿಪೇರಿಯ ಜಾಗ. ಮನೆಯದು ಕಾರ್ ಶೆಡ್. ವಾಹನಶಾಲೆ ಬೇಡ, ಅದನ್ನು ಯಾರೂ ಆಡುವುದಿಲ್ಲ.

ಸ್ಲ್ಯಾಬ್ ಎಂದರೆ ಚಾವಣಿ. ‘ಸ್ಲ್ಯಾಬ್ ಒಡೆಯಿರಿ’ ಎಂದು ಓದಿದವನು ತಲೆ ಎತ್ತಿ ನೋಡುತ್ತಾನೆ. ಚಪ್ಪಡಿ ಎಂದರೆ ಕಲ್ಲು. ನೇರವಾಗಿ ‘ನೆಲದ ಕಾಂಕ್ರೀಟ್’ ಎನ್ನಿ. ಕೆಳಗಿನ ಪದರಗಳನ್ನೂ ಸೇರಿಸಿ ಹೇಳುವಾಗ ‘ನೆಲಗಟ್ಟು’ ಬಳಸಿ. ನೆಲವನ್ನೂ ಕಟ್ಟುವ ಕೆಲಸವನ್ನೂ ಒಟ್ಟಿಗೆ ಹೇಳುವ ಇಂಥ ಪದ ಕೈಯಲ್ಲಿದ್ದೂ ನಾವು ಬಳಸುತ್ತಿಲ್ಲ ಎಂಬ ಬೇಸರ ನನಗಿದೆ.

‘ಬೆಡ್’ ಇನ್ನೂ ಅಪಾಯದ್ದು. ಇಲ್ಲಿ ಬೆಡ್ ಹಾಕುವುದೆಂದರೆ 40 ಎಂಎಂ ಜಲ್ಲಿಯಲ್ಲಿ 1:4:8ರ, ಅಂದರೆ ಸಿಮೆಂಟ್ ಒಂದು, ಮರಳು ನಾಲ್ಕು, ಜಲ್ಲಿ ಎಂಟು ಪಾಲಿನ ಬೆಡ್ ಕಾಂಕ್ರೀಟ್ ಹಾಕುವುದು. ನಿಮ್ಮ ಕೈಪಿಡಿ ಹೇಳುತ್ತಿರುವುದು ಸಿಮೆಂಟ್ ಇಲ್ಲದ ಜಲ್ಲಿಯ ಪದರ ಇರಬೇಕು. ಅದನ್ನು ‘ಜಲ್ಲಿ ಹಾಸು’ ಎಂದೇ ಬರೆಯಿರಿ. ಕೆಳಗಿನಿಂದ ಮೇಲಕ್ಕೆ ಹೇಳುವುದಾದರೆ, ಮೊದಲು ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ಅದನ್ನು 6 ಇಂಚಿಗೊಂದು ಪದರದಂತೆ ನೀರು ಚಿಮುಕಿಸಿ ದಮ್ಮಸು ಮಾಡಿರಬೇಕು. ಅದರ ಮೇಲೆ 4 ಇಂಚು ಜಲ್ಲಿ ಹಾಸು, ಜಲ್ಲಿಯ ಚೂಪು ಚುಚ್ಚದಂತೆ ತೆಳುವಾಗಿ ಮರಳು, 250 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ, ಆಮೇಲೆ ನೆಲದ ಕಾಂಕ್ರೀಟ್. ಹಾಳೆಯ ಅಂಚುಗಳು ಒಂದರ ಮೇಲೊಂದು ಕನಿಷ್ಠ 6 ಇಂಚು ಹೊದ್ದಿರಬೇಕು, ಟೇಪ್ ಅಂಟಿಸಿರಬೇಕು. ‘ಬೆಡ್’ ಎಂಬ ಒಂದೇ ಪದದ ಹಿಂದೆ ಇಷ್ಟೂ ಮರೆಯಾಗಿಬಿಡುತ್ತದೆ.

ಲೆಕ್ಕವನ್ನೂ ಕೈಪಿಡಿಗೆ ಸೇರಿಸಿ. 10 ಅಡಿ ಅಗಲ, 20 ಅಡಿ ಉದ್ದದ ಕಾರ್ ಶೆಡ್‌ಗೆ 4 ಇಂಚಿನ ಕಾಂಕ್ರೀಟ್ ಎಂದರೆ ಸುಮಾರು 67 ಘನ ಅಡಿ. 1:1.5:3ರ ಮಿಶ್ರಣಕ್ಕೆ 16 ಚೀಲ ಸಿಮೆಂಟ್, 28 ಘನ ಅಡಿ ಮರಳು ಅಥವಾ ಎಂ ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು), 56 ಘನ ಅಡಿ 20 ಎಂಎಂ ಜಲ್ಲಿ ಬೇಕು. ಎಂ ಸ್ಯಾಂಡ್ ಎಂದು ಹೇಳಿ ಕ್ರಷರ್ ಪುಡಿ ಇಳಿಸಿಕೊಳ್ಳಬಾರದು, ಅದರ ದೂಳು ನೀರು ಕುಡಿದು ಕಾಂಕ್ರೀಟನ್ನು ಸೊರಗಿಸುತ್ತದೆ. ಒಡೆದ ಹಳೇ ಕಾಂಕ್ರೀಟ್ ನಾಲ್ಕೂವರೆ ಟನ್ ತೂಗುತ್ತದೆ. ಅದನ್ನು ಸಾಗಿಸುವ ಖರ್ಚನ್ನು ಮಾಲೀಕರು ಮೊದಲೇ ಎಣಿಸಿರಬೇಕು.

ನೀರಿನ ಬಗ್ಗೆ ಒಂದು ಮಾತು. 50 ಕೆ.ಜಿ. ಚೀಲಕ್ಕೆ 25 ಲೀಟರ್ ನೀರು, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಹರಡಲು ಸಲೀಸಾಗಲಿ ಎಂದು ಇನ್ನೊಂದು ಬಕೆಟ್ ಸುರಿದರೆ ತೆಳು ಸಿಮೆಂಟ್ ಹಾಲು ಮೇಲೆ ತೇಲಿ ಬರುತ್ತದೆ. ಆ ನೀರು ಹೀರಲೆಂದು ಕೆಲವರು ಒಣ ಸಿಮೆಂಟ್ ಎರಚಿ ಕರಣೆ ಎಳೆಯುತ್ತಾರೆ. ಅಂಥ ನೆಲ ಅಂದಿಗೆ ಗಾಜಿನಂತೆ ಹೊಳೆದರೂ ವರ್ಷದೊಳಗೆ ಚಕ್ಕೆ ಏಳುತ್ತದೆ, ಗುಡಿಸಿದಷ್ಟೂ ಬೂದಿ ಬರುತ್ತದೆ. ಮೇಲಿನ ನೀರು ತಾನಾಗಿ ಇಂಗಿ ಹೊಳಪು ಹೋಗುವವರೆಗೆ ಕರಣೆ ಮುಟ್ಟಿಸಬಾರದು.

ಈಗ ‘ಒಣಗುವವರೆಗೆ ಕ್ಯೂರಿಂಗ್’. ಇದನ್ನು ದಯವಿಟ್ಟು ಹೀಗೆ ಬಿಡಬೇಡಿ. ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಿಲ್ಲ, ಒದ್ದೆಯಿದ್ದು ಗಟ್ಟಿಯಾಗುತ್ತದೆ. ಸಿಮೆಂಟು ನೀರಿನ ಜತೆ ಕೂಡಿಯೇ ಕಲ್ಲಾಗಬೇಕು. ನೀರು ಆರಿದ ಕಡೆ ಆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ‘ಪಕ್ವಗೊಳಿಸುವಿಕೆ’ ಓದಿ ಯಾರೂ ಪೈಪ್ ಹಿಡಿಯುವುದಿಲ್ಲ. ಸೈಟಿನಲ್ಲಿ ಆಡುವ ಮಾತು ಎರಡು: ‘ನೀರು ಹೊಡೆಯೋದು’, ‘ನೀರು ನಿಲ್ಲಿಸೋದು’. ಇವೆರಡೂ ಒಂದಲ್ಲ. ಏಪ್ರಿಲಿನಲ್ಲಿ ಬೆಳಗ್ಗೆ ಎಂಟಕ್ಕೆ ಹೊಡೆದ ನೀರು ಹತ್ತೂವರೆಗೆ ಆರಿರುತ್ತದೆ, ಸಂಜೆವರೆಗೆ ನೆಲ ಬಾಯಾರಿಕೊಂಡೇ ಇರುತ್ತದೆ. ನೆಲಕ್ಕೆ ಬೇಕಾದದ್ದು ನೀರು ನಿಲ್ಲಿಸುವುದು. ಕಾರ್ ಶೆಡ್‌ನ ನೆಲಕ್ಕೆ ಬಾಗಿಲ ಕಡೆ ಅಡಿಗೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ ಇಳಿಜಾರು ಕೊಟ್ಟಿರುತ್ತಾರೆ. 20 ಅಡಿಗೆ ಎರಡೂವರೆ ಇಂಚು ಇಳಿತ. ಒಂದೇ ದೊಡ್ಡ ಮಡಿ ಕಟ್ಟಿದರೆ ನೀರೆಲ್ಲ ಬಾಗಿಲಿಗೆ ಸೇರಿ, ಹಿಂದಿನ ಗೋಡೆಯ ಕಡೆ ನೆಲ ಬಿಸಿಲಿಗೆ ಬಿದ್ದಿರುತ್ತದೆ. 4 ಅಡಿ ಚೌಕದ ಚಿಕ್ಕ ಮಡಿಗಳು, ಸುತ್ತ ಎರಡಿಂಚು ಎತ್ತರದ ಬದು. ಭತ್ತದ ಗದ್ದೆಗೆ ನೀರು ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದ್ದರಿಂದಲೇ ಮಡಿ, ಬದು ಎಂಬ ಪದಗಳನ್ನೇ ಕೈಪಿಡಿಯಲ್ಲಿ ಬಳಸಿ. ಎಷ್ಟು ದಿನ ಎಂಬುದಕ್ಕೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ, 2000ರ ಐ.ಎಸ್. 456 ಸಾಕು: ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿ.ಪಿ.ಸಿ.ಗೆ ಕನಿಷ್ಠ 10. ಕಾರು ನಿಲ್ಲಿಸಲು 28 ದಿನ ಕಾದರೆ ಒಳ್ಳೆಯದು.

‘ಜಾಯಿಂಟ್’ ಎಂಬಲ್ಲಿ ಎರಡು ಬೇರೆ ಕೆಲಸಗಳಿವೆ. ಗೋಡೆ, ಕಂಬಗಳ ಪಕ್ಕ ನೆಲ ಅಂಟದಂತೆ ಅರ್ಧ ಇಂಚಿನ ಥರ್ಮೋಕೋಲ್ ಇಟ್ಟು ಬಿಡುವುದು ಸಂದು. ನೆಲದ ನಡುವೆ ಒಂದಿಂಚು ಆಳಕ್ಕೆ ಕಟರ್ ಹೊಡೆಯುವುದು ಗೀರು. 4 ಇಂಚಿನ ನೆಲಕ್ಕೆ 10 ಅಡಿಗೊಂದು ಗೀರು ಸಾಕು. ಕಾಂಕ್ರೀಟ್ ಹಾಕಿದ ಮರುದಿನದೊಳಗೆ ಹೊಡೆಯಬೇಕು, ತಡವಾದರೆ ಬಿರುಕು ತನಗೆ ಬೇಕಾದ ದಾರಿ ಹಿಡಿದುಬಿಡುತ್ತದೆ. ಕೀಲು ಎಂದರೆ ಬಾಗಿಲಿನ ನೆನಪಾಗುತ್ತದೆ, ಬೇಡ.

ಉತ್ತರ, ಚಿತ್ರದುರ್ಗದಿಂದ

ದಾವಣಗೆರೆಯ ಸರ್ ಹೇಳಿದ್ದರಲ್ಲಿ ಬಹುಪಾಲು ಒಪ್ಪಿಗೆ. ಎರಡು ಜಿಲ್ಲೆ 1997ರವರೆಗೆ ಒಂದೇ ಆಗಿದ್ದರೂ ಕಟ್ಟಡದ ಮಾತು ಊರೂರಿಗೆ ಬದಲಾಗುತ್ತದೆ. ಹರಿಹರದ ಕಡೆ ಗೌಂಡಿ ಅನ್ನುವವನನ್ನು ಹಿರಿಯೂರಿನ ಕಡೆ ಗಾರೆ ಕೆಲಸದವನು ಎನ್ನುತ್ತಾರೆ.

ನೆಲಮಾಳಿಗೆ ಬಗ್ಗೆ ನನ್ನದೊಂದು ತಕರಾರಿದೆ. ನಮ್ಮ ಹಳ್ಳಿಗಳಲ್ಲಿ ಮಾಳಿಗೆ ಎಂದರೆ ಮಣ್ಣು ಹೊದಿಸಿದ ಮಟ್ಟಸ ಚಾವಣಿ, ಮೆಣಸಿನಕಾಯಿ ಒಣಹಾಕುವ ಜಾಗ. ಭೂಮಿಯೊಳಗಿನ ಜಾಗಕ್ಕೆ ಈ ಕಡೆ ನಿಜವಾಗಿ ಬದುಕಿರುವ ಪದ ‘ಹಗೇವು’, ಜೋಳ ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಅದನ್ನು ಸೆಲ್ಲರಿಗೆ ಅಂಟಿಸಿ ಎಂದು ಹೇಳುತ್ತಿಲ್ಲ, ಹಗೇವಿನ ಬಾಯಿ ಒಬ್ಬ ಇಳಿಯುವಷ್ಟೇ ಇರುತ್ತದೆ. ಆದರೆ ಪದವನ್ನು ಕೈಪಿಡಿಯೊಳಗೆ ತರಲೇಬೇಕು, ಕಾರಣ ಬೇರೆ. ಹಳೇ ಮನೆಗಳ ಅಂಗಳದಲ್ಲಿ ಹಗೇವು ಇದ್ದು, ಅದಕ್ಕೆ ಕಸ ಬೂದಿ ತುಂಬಿ ಮೇಲೆ ಕಾಂಕ್ರೀಟ್ ಎಳೆದಿರುತ್ತಾರೆ. ಅಲ್ಲಿ ನೆಲ ಬಟ್ಟಲಿನಂತೆ ದುಂಡಗೆ ಕೂರುತ್ತದೆ, ಸುತ್ತ ಬಳೆಯಾಕಾರದ ಬಿರುಕು ಬೀಳುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು. ಹಾಗೆ ಕಂಡರೆ ಅದರ ಮೇಲೆ ಕಾಂಕ್ರೀಟ್ ಒಡೆಯುವ ಬ್ರೇಕರ್ ಯಂತ್ರ ಹಿಡಿದು ನಿಲ್ಲಬಾರದು. ಹೊರಗಿನ ಅಂಚಿನಿಂದ ಒಡೆಯುತ್ತ ಬಂದು, ಒಳಗಿನ ಸಡಿಲ ಮಣ್ಣು ಬುಡದವರೆಗೆ ತೆಗೆದು, ಗರಸು ತುಂಬಿಸಿ ಪದರ ಪದರವಾಗಿ ದಮ್ಮಸು ಮಾಡಬೇಕು. ಹಳೇ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ. ಬಾಯಿ ತೆರೆದು ಗಾಳಿಯಾಡಲು ಬಿಡದೆ ಯಾರನ್ನೂ ಇಳಿಸಬಾರದು.

‘ಗಾರೆ’ ಪದವನ್ನೂ ಎಚ್ಚರದಿಂದ ಬಳಸಿ. ಗಾರೆ ನೆಲ ಎಂದರೆ ಮೇಲಿನ ಒಂದಿಂಚಿನ ನುಣುಪು ಪದರ, ಕೆಂಪು ಬಣ್ಣ ಹಾಕಿದ್ದೂ ಅದರಲ್ಲಿ ಸೇರಿತು. ಗಾರೆ ಎದ್ದಿದ್ದರೆ ಗಾರೆ ಮಾತ್ರ ಕಿತ್ತು ಹಾಕಬಹುದು, ಕಾಂಕ್ರೀಟೇ ಕೂತಿದ್ದರೆ ಬುಡದಿಂದಲೇ ತೆಗೆಯಬೇಕು. ಕರಡಿನಲ್ಲಿ ‘ನೆಲ ಹಾಳಾಗಿದ್ದರೆ’ ಎಂದು ಒಂದೇ ಮಾತಿದ್ದರೆ ಅದನ್ನು ಮೂರು ಮಾಡಿ: ನೆಲ ಎದ್ದಿದ್ದರೆ, ನೆಲ ಕೂತಿದ್ದರೆ, ನೆಲ ಉಬ್ಬಿದ್ದರೆ. ಉಬ್ಬುವುದು ಎರೆ ಮಣ್ಣಿನ ಗುಣ, ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ. ಅಲ್ಲಿ ಕನಿಷ್ಠ 2 ಅಡಿ ಎರೆ ತೆಗೆದು ಗರಸು ತುಂಬಿಸದೆ ಎಷ್ಟು ದಪ್ಪ ಕಾಂಕ್ರೀಟ್ ಹಾಕಿದರೂ ಮತ್ತೆ ಸೀಳುತ್ತದೆ. ಅಗೆಯುವಾಗ ಪಾಯದ ತಳಕ್ಕಿಂತ ಕೆಳಗೆ ಹೋಗಕೂಡದು.

ಸೆಲ್ಲರಿನ ವಿಷಯದಲ್ಲಿ ‘ನೆಲ ಪೂರ್ತಿ ಒಡೆದು’ ಎಂಬ ಮಾತು ಇದ್ದರೆ ದಯಮಾಡಿ ತೆಗೆಯಿರಿ. ಹೊರಗಿನ ಮಣ್ಣು ಗೋಡೆಯನ್ನು ಒಳಕ್ಕೆ ನೂಕುತ್ತಿರುತ್ತದೆ, ಬುಡದಲ್ಲಿ ಅದಕ್ಕೆ ಅಡ್ಡ ನಿಂತಿರುವುದು ಈ ನೆಲವೇ. ಒಂದೇ ದಿನ ಎಲ್ಲ ಒಡೆದರೆ ಗೋಡೆಯ ಬುಡ ಜಾರಬಹುದು, ಮಳೆಗಾಲದಲ್ಲಂತೂ ಇನ್ನೂ ಹೆಚ್ಚು. ‘ಪಟ್ಟಿ ಪಟ್ಟಿಯಾಗಿ ಒಡೆದು’ ಎಂದು ಬರೆಯಿರಿ. 3–4 ಅಡಿಯ ಒಂದು ಪಟ್ಟಿ ಒಡೆದು, ಕಾಂಕ್ರೀಟ್ ಹಾಕಿ, ಅದು ಬಿಗಿದ ಮೇಲೆ ಮುಂದಿನದು. ಗೋಡೆಯಲ್ಲಿ ಈಗಾಗಲೇ ಅಡ್ಡ ಬಿರುಕು ಇದ್ದರೆ ಎಂಜಿನಿಯರಿಗೆ ತೋರಿಸದೆ ಮುಟ್ಟಬಾರದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು ಸರ್. ಸಾಲನ್ನು ಹೀಗೆ ತಿದ್ದಿದ್ದೇನೆ: ‘ಕಾರ್ ಶೆಡ್‌ನ ನೆಲದ ಕಾಂಕ್ರೀಟನ್ನು ಪೂರ್ತಿಯಾಗಿ, ನೆಲಮಾಳಿಗೆಯದನ್ನು, ಅಂದರೆ ಸೆಲ್ಲರಿನದನ್ನು, ಪಟ್ಟಿ ಪಟ್ಟಿಯಾಗಿ ಒಡೆದು ತೆಗೆಯಿರಿ. ಗರಸನ್ನು ದಮ್ಮಸು ಮಾಡಿ, ಜಲ್ಲಿ ಹಾಸು ಹಾಕಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಹೊಸ ಕಾಂಕ್ರೀಟ್ ಹಾಕಿ. ಗೋಡೆಯ ಪಕ್ಕ ಸಂದು ಬಿಡಿ, ನಡುವೆ ಗೀರು ಹೊಡೆಯಿರಿ. ಮಡಿ ಕಟ್ಟಿ 10 ದಿನ ನೀರು ನಿಲ್ಲಿಸಿ.’

ಮರುಉತ್ತರ, ದಾವಣಗೆರೆಯಿಂದ

ಚೆನ್ನಾಗಿದೆ ಮೇಡಂ. ಒಂದೇ ಸೇರ್ಪಡೆ: ಸಂದಿಗೆ ಇಡುವ ಥರ್ಮೋಕೋಲನ್ನು ಕಾಂಕ್ರೀಟ್ ಹಾಕುವ ಮುಂಚೆಯೇ ಗೋಡೆಗೆ ಅಂಟಿಸಿರಬೇಕು. ಆದ್ದರಿಂದ ‘ಸಂದು ಬಿಡಿ’ ಎಂಬುದು ‘ಹೊಸ ಕಾಂಕ್ರೀಟ್ ಹಾಕಿ’ ಎಂಬುದಕ್ಕಿಂತ ಮೊದಲು ಬರಲಿ.