1973ರ ಚೆಕ್ ಸಿಂಡರೆಲ್ಲಾ ಚಿತ್ರಕ್ಕೆ ಇಂದಿಗೂ ಇಷ್ಟು ಸೆಳೆತವೇಕೆ?

ಚಿತ್ರರಸಿಕ (ಪ್ರಶ್ನೆ):
ವಾಟ್ಸ್ಲಾವ್ ವೊರ್ಲೀಚೆಕ್ ನಿರ್ದೇಶಿಸಿದ ‘ಸಿಂಡರೆಲ್ಲಾಗೆ ಮೂರು ಹೇಝಲ್ ಕಾಯಿಗಳು’ ಚಿತ್ರವನ್ನು ಇತ್ತೀಚೆಗೆ ನೋಡಿದೆ. ಚೆಕೊಸ್ಲೊವಾಕಿಯಾ ಮತ್ತು ಪೂರ್ವ ಜರ್ಮನಿಗಳು ಜೊತೆಗೂಡಿ ತಯಾರಿಸಿದ ಈ ಚಿತ್ರವನ್ನು ಚೆಕ್ ಗಣರಾಜ್ಯ, ಜರ್ಮನಿ ಮತ್ತು ನಾರ್ವೆಗಳಲ್ಲಿ ಪ್ರತಿ ಕ್ರಿಸ್ಮಸ್‌ಗೂ ಟಿವಿಯಲ್ಲಿ ತೋರಿಸುತ್ತಾರೆ. ಕಥೆ ಎಲ್ಲರಿಗೂ ಬಾಯಿಪಾಠ. ಮಾಯಾದೃಶ್ಯಗಳೋ ನಮ್ಮ ಹಳೆಯ ಪೌರಾಣಿಕ ಚಿತ್ರಗಳ ಮುಂದೆ ಲೆಕ್ಕಕ್ಕಿಲ್ಲ. ಹಾಗಿದ್ದೂ ನೋಡಿ ಮುಗಿಸಿದ ಮೇಲೆ ಮತ್ತೊಮ್ಮೆ ನೋಡಬೇಕೆನಿಸಿತು. ಈ ಸೆಳೆತ ಎಲ್ಲಿಂದ ಬರುತ್ತದೆ ಎಂಬುದನ್ನು ಬಲ್ಲವರು ವಿವರಿಸುವಿರಾ?

ಕಥೆ ಕೇಳುವವಳು:
ನನ್ನ ಮಟ್ಟಿಗೆ ಉತ್ತರ ನಾಯಕಿಯಲ್ಲೇ ಇದೆ. ಕಾಡಿನಲ್ಲಿ ರಾಜಕುಮಾರ ಜಿಂಕೆಯೊಂದಕ್ಕೆ ಅಡ್ಡಬಿಲ್ಲು ಹೂಡಿ ಗುರಿಯಿಟ್ಟು ನಿಂತಿರುವಾಗ ಎಲ್ಲಿಂದಲೋ ಹಿಮದ ಉಂಡೆಯೊಂದು ಹಾರಿಬಂದು ಅವನ ಗುರಿ ತಪ್ಪಿಸುತ್ತದೆ. ಎಸೆದವಳು ನಮ್ಮ ಸಿಂಡರೆಲ್ಲಾ. ಹಿಡಿಯಲು ಬಂದ ರಾಜಕುಮಾರನ ಕೈಗೂ ಅವನ ಗೆಳೆಯರ ಕೈಗೂ ಸಿಗದೆ, ಅವನದೇ ಕುದುರೆಯನ್ನೇರಿ ಅವಳು ಹೊರಟುಬಿಡುತ್ತಾಳೆ. ನಾಯಕ ನಾಯಕಿಯರ ಮೊದಲ ಭೇಟಿಯೇ ಹೀಗಿರುವಾಗ, ಮುಂದೆ ಇವಳು ಒಲೆಯ ಮುಂದೆ ಕಣ್ಣೀರು ಸುರಿಸುತ್ತ ಕಾಯುವವಳಲ್ಲವೆಂದು ಹೇಳಬೇಕಾಗಿಯೇ ಇಲ್ಲ.

ಈ ಕಥೆಯಲ್ಲಿ ವರ ಕೊಡುವ ಯಕ್ಷಿಣಿಯೂ ಇಲ್ಲ, ಹನ್ನೆರಡು ಗಂಟೆಯ ಗಡುವೂ ಇಲ್ಲ. ಆಳು ವಿನ್ಸೆಕ್ ತಂದುಕೊಟ್ಟ ಮೂರು ಕಾಯಿಗಳಿಂದ ಬರುವುದು ಮೂರು ಜೊತೆ ಬಟ್ಟೆ ಮಾತ್ರ: ಬೇಟೆಯ ಉಡುಪು, ನೃತ್ಯಕೂಟದ ಉಡುಪು, ಮದುವೆಯ ಉಡುಪು. ಮಾಯೆಯ ಕೆಲಸ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಕುದುರೆ ಓಡಿಸುವುದು, ಗುರಿ ಹೊಡೆಯುವುದು, ಅರಮನೆಯಲ್ಲಿ ಮುಖಕ್ಕೆ ತೆಳುಪರದೆ ಹಾಕಿಕೊಂಡು ರಾಜಕುಮಾರನಿಗೇ ಒಗಟು ಒಡ್ಡುವುದು, ಇವೆಲ್ಲ ಅವಳದೇ ಸಾಮರ್ಥ್ಯ. ಕೆನ್ನೆಗೆ ಬೂದಿ ಮೆತ್ತಿದ್ದರೂ ಹೊಗೆಗೂಡು ಗುಡಿಸುವವನಲ್ಲ, ಹೆಗಲಿಗೆ ಬಿಲ್ಲಿದ್ದರೂ ಬೇಟೆಗಾರನಲ್ಲ, ಬೆಳ್ಳಿಯ ಉಡುಪಿದ್ದರೂ ರಾಜಕುಮಾರಿಯಲ್ಲ, ಹಾಗಾದರೆ ಯಾರು? ಇದನ್ನು ಬಿಡಿಸಲಾಗದ ಅವನನ್ನು ಅಲ್ಲೇ ಬಿಟ್ಟು ಅವಳು ಹೊರಟುಹೋಗುತ್ತಾಳೆ. ಸಿಂಡರೆಲ್ಲಾ ಪಾತ್ರದ ಲಿಬುಷೆ ಶಾಫ್ರಾಂಕೋವಾ ಆ ಮಾತುಗಳನ್ನಾಡುವಾಗ ಕಣ್ಣಲ್ಲಿ ಸುಳಿಯುವ ತುಂಟತನವನ್ನು ಗಮನಿಸಿ; ಆಗ ಆಕೆಗೆ ಇಪ್ಪತ್ತರ ಆಸುಪಾಸು.

ಡ್ರೆಸ್ಡೆನ್ ಕನ್ನಡಿಗ:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಹಿಮವನ್ನು ಮರೆಯುವಂತಿಲ್ಲ. ಚಿತ್ರೀಕರಣವನ್ನು ಮೊದಲು ಬೇಸಿಗೆಗೆ ಯೋಜಿಸಿದ್ದರು. ಪೂರ್ವ ಜರ್ಮನಿಯ ಡೆಫಾ ಸ್ಟುಡಿಯೋಗೆ ಚಳಿಗಾಲದಲ್ಲಿ ಮಾತ್ರ ಬಿಡುವಿದ್ದುದರಿಂದ ಕಥೆಯೇ ಹಿಮದೊಳಕ್ಕೆ ಸರಿಯಿತು. ಹಿಮ ಸಾಲದಾದ ಕಡೆ ಮೀನಿನ ಪುಡಿಯಿಂದ ಮಾಡಿದ ಕೃತಕ ಹಿಮವನ್ನು ಹರಡಿದ್ದರಂತೆ. ಅದರ ನಾತದ ನಡುವೆ ನಿಂತು ಪ್ರೇಮದ ಮಾತಾಡಿದ ನಟರ ತಾಳ್ಮೆಯನ್ನು ಮೆಚ್ಚಲೇಬೇಕು.

ಅರಮನೆಯ ಹೊರದೃಶ್ಯಗಳನ್ನು ಇಲ್ಲಿ ಡ್ರೆಸ್ಡೆನ್‌ಗೆ ಸಮೀಪದ ಮೋರಿಟ್ಸ್‌ಬುರ್ಗ್ ಅರಮನೆಯಲ್ಲಿ ತೆಗೆದರು. ಮಲತಾಯಿಯ ಮನೆಯಾಗಿ ಕಾಣುವುದು ಚೆಕ್ ನಾಡಿನ ಬೊಹೀಮಿಯಾ ಪ್ರಾಂತ್ಯದ ಶ್ವಿಹೊವ್ ಕೋಟೆ. ಚಳಿಗಾಲದಲ್ಲಿ ಮೋರಿಟ್ಸ್‌ಬುರ್ಗ್‌ನಲ್ಲಿ ಈ ಚಿತ್ರದ ಕುರಿತೇ ಪ್ರದರ್ಶನ ನಡೆಯುತ್ತದೆ, ಪಾದರಕ್ಷೆ ಕಳಚಿಬಿದ್ದ ಮೆಟ್ಟಿಲುಗಳ ಬಳಿ ಫೋಟೊ ತೆಗೆಸಿಕೊಳ್ಳುವವರ ಗುಂಪು ಸೇರುತ್ತದೆ. ಸೆಟ್‌ನ ರಟ್ಟಿನ ಗೋಡೆಗಳ ಬದಲು ನಿಜವಾದ ಕಲ್ಲು, ಕೊಟ್ಟಿಗೆ, ಕುದುರೆಯ ಉಸಿರಿನ ಹಬೆ ಕಾಣುವುದರಿಂದಲೇ ಕಥೆಯನ್ನು ನಂಬಬೇಕೆನಿಸುತ್ತದೆ.

ಹಳೆಯ ರೀಲು:
ತೆರೆಯ ಹಿಂದಿನವರ ಬಗ್ಗೆಯೂ ಒಂದು ಮಾತು. ಹತ್ತೊಂಬತ್ತನೆಯ ಶತಮಾನದ ಲೇಖಕಿ ಬೊಝೆನಾ ನೆಮ್ಟ್ಸೊವಾ ಅವರ ಕಥೆಯನ್ನು ಆಧರಿಸಿ ಚಿತ್ರಕಥೆ ಬರೆದವರು ಫ್ರಾಂಟಿಶೆಕ್ ಪಾವ್ಲೀಚೆಕ್. 1968ರ ಪ್ರಾಗ್ ವಸಂತವನ್ನು, ಅಂದರೆ ಚೆಕೊಸ್ಲೊವಾಕಿಯಾದ ರಾಜಕೀಯ ಸುಧಾರಣೆಯ ಪ್ರಯತ್ನವನ್ನು, ಬೆಂಬಲಿಸಿದ್ದಕ್ಕಾಗಿ ಅವರ ಬರವಣಿಗೆಗೆ ನಿಷೇಧವಿತ್ತು. ಆದ್ದರಿಂದ ತೆರೆಯ ಮೇಲೆ ಬೊಹುಮಿಲಾ ಝೆಲೆಂಕೋವಾ ಅವರ ಹೆಸರು ಬಂದಿತು. ಯಾರ ಅಪ್ಪಣೆಗೂ ಕಾಯದ ಹುಡುಗಿಯೊಬ್ಬಳನ್ನು ಅಂಥ ಕಾಲದಲ್ಲಿ, ಅಂಥ ಸ್ಥಿತಿಯಲ್ಲಿದ್ದ ಲೇಖಕರು ಸೃಷ್ಟಿಸಿದರೆಂಬುದು ತಿಳಿದ ಮೇಲೆ ಆ ಹಿಮದ ಉಂಡೆಯ ದೃಶ್ಯ ನನಗೆ ಬರೀ ತಮಾಷೆಯಾಗಿ ಉಳಿಯಲಿಲ್ಲ. ಉಡುಪುಗಳ ವಿನ್ಯಾಸದಲ್ಲಿ ಕೈಯಾಡಿಸಿದ ಥಿಯೊಡರ್ ಪಿಷ್ಟೆಕ್ ಮುಂದೆ ‘ಅಮೇಡಿಯಸ್’ ಚಿತ್ರಕ್ಕಾಗಿ ಆಸ್ಕರ್ ಪಡೆದವರು.

ರಾಜಕುಮಾರನ ಪಾತ್ರ ಮಾತ್ರ ನನಗೆ ಪೇಲವವೆನಿಸುತ್ತದೆ. ಆ ಪಾತ್ರ ಮಾಡಿದ ಪಾವೆಲ್ ತ್ರಾವ್ನೀಚೆಕ್ ಅವರ ಮೊರಾವಿಯಾ ಪ್ರಾಂತ್ಯದ ಉಚ್ಚಾರಣೆ ಸರಿಹೊಂದದೆ ಬೇರೆ ನಟನಿಂದ ಧ್ವನಿ ಕೊಡಿಸಿದ್ದರು. ಅವಳ ಚುರುಕಿನ ಎದುರು ಅವನು ಮಂಕಾದದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಚಿತ್ರರಸಿಕ:
ಎಲ್ಲರಿಗೂ ಧನ್ಯವಾದಗಳು. ನಾನು ನೋಡಿದ್ದು ಜರ್ಮನ್ ಆವೃತ್ತಿ. ಮತ್ತೊಮ್ಮೆ ನೋಡುವುದಾದರೆ ಯಾವುದನ್ನು ಆರಿಸಿಕೊಳ್ಳಲಿ?

ಹಳೆಯ ರೀಲು:
ಚೆಕ್ ಆವೃತ್ತಿಯನ್ನೇ ನೋಡಿ. ಕಾರೆಲ್ ಸ್ವೊಬೊಡಾ ಅವರ ಸಂಗೀತದಲ್ಲಿ ಕಾರೆಲ್ ಗೊಟ್ ಹಾಡಿದ ಹಾಡು ಅದರಲ್ಲಿದೆ. ಜರ್ಮನ್ ಆವೃತ್ತಿಯಲ್ಲಿ ಅದೇ ಜಾಗದಲ್ಲಿ ವಾದ್ಯಗಳಷ್ಟೇ ಕೇಳಿಸುತ್ತವೆ. ನಾರ್ವೆಯ ಆವೃತ್ತಿಯಲ್ಲಂತೂ ಕ್ನುಟ್ ರಿಸಾನ್ ಒಬ್ಬರೇ ಮಲತಾಯಿಯಿಂದ ಸಿಂಡರೆಲ್ಲಾವರೆಗೆ ಎಲ್ಲರ ಮಾತನ್ನೂ ಆಡುತ್ತಾರೆ. ಅಲ್ಲಿಯವರು ಅದನ್ನು ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ, ಆದರೆ ಹೊಸಬರಿಗೆ ಅದು ಸ್ವಲ್ಪ ಕಷ್ಟವೇ.