ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಹಸೆ ಚಿತ್ತಾರ ಬರೆಯಬಹುದೇ?

ಸಾಗರದವಳು, ಡೊಂಬಿವಲಿ:

ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪಿಗೆ ಈಗ ಆರು ವರ್ಷ. ಕಳೆದ ವರ್ಷ ಎಸ್‌ಎಸ್‌ಡಿ ಹಾಕಿಸಿ ಬ್ಯಾಟರಿಯನ್ನೂ ಬದಲಾಯಿಸಿದ್ದೇನೆ, ಕೆಲಸಕ್ಕೆ ಯಾವ ಕೊರತೆಯೂ ಇಲ್ಲ. ಆದರೆ ಮುಚ್ಚಳದ ಮೇಲಿದ್ದ ರಬ್ಬರಿನಂಥ ಮೆದು ಲೇಪವು ಎರಡು ಮಳೆಗಾಲಗಳಿಂದ ಅಂಟಂಟಾಗುತ್ತ ಬಂದು, ಈಗ ಚೀಲದಿಂದ ಹೊರತೆಗೆದಾಗಲೆಲ್ಲ ಕೂದಲು, ಧೂಳು, ದುಪಟ್ಟಾದ ನೂಲು ಎಲ್ಲವೂ ಅದಕ್ಕೆ ಮೆತ್ತಿಕೊಂಡಿರುತ್ತವೆ. ಇಷ್ಟಕ್ಕೇ ಹೊಸದನ್ನು ಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ.

ಆ ಲೇಪವನ್ನು ತೆಗೆದು, ಮುಚ್ಚಳಕ್ಕೆ ಕೆಮ್ಮಣ್ಣಿನ ಬಣ್ಣ ಹೊಡೆದು, ಅದರ ಮೇಲೆ ಹಸೆ ಚಿತ್ತಾರ ಬರೆಯಬೇಕೆಂಬುದು ನನ್ನ ಆಸೆ. ಮನೆಯಲ್ಲಿ ಮದುವೆ ಗೊತ್ತಾದರೆ ನಮ್ಮ ಅಜ್ಜಿ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಕಲಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಎಂಬ ಕಾಯಿಯ ಹಳದಿ ಇಟ್ಟುಕೊಂಡು, ಪುಂಡಿ ನಾರಿನ ಕುಂಚದಿಂದ ಒಂದೊಂದೇ ಎಳೆಯನ್ನು ಉಸಿರು ಬಿಗಿಹಿಡಿದು ಎಳೆಯುತ್ತಿದ್ದರು. ನಾನು ಕಾಗದದ ಮೇಲೆ ಬರೆದದ್ದನ್ನು ಇಲ್ಲಿನ ಗೆಳತಿಯರು ವಾರ್ಲಿ ಎಂದುಕೊಳ್ಳುತ್ತಾರೆ. ವಾರ್ಲಿ ಜನರ ಪಾಲ್ಘರ್ ಇಷ್ಟು ಹತ್ತಿರವಿರುವಾಗ ಅದು ಸಹಜವೇ, ವಾರ್ಲಿಯೂ ಕೆಂಪು ಗೋಡೆಯ ಮೇಲೆ ಅಕ್ಕಿಯ ಬಿಳಿಯಲ್ಲಿ ಮೂಡಿದ ಕಲೆಯೇ.

ಬಣ್ಣದಿಂದ ಯಂತ್ರದ ಬಿಸಿ ಹೆಚ್ಚುತ್ತದೆಯೇ? ವೈಫೈಗೆ ಅಡ್ಡಿಯಾಗುತ್ತದೆಯೇ? ದಿನವೂ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಚೀಲದೊಳಗೆ ಉಜ್ಜುವಾಗ ಬಣ್ಣ ನಿಲ್ಲುತ್ತದೆಯೇ? ಅಥವಾ ಈ ವಿಚಾರವನ್ನೇ ಬಿಡುವುದು ಲೇಸೇ? ಬಲ್ಲವರು ದಯವಿಟ್ಟು ತಿಳಿಸಿ.

ರಿಪೇರಿಯವನು, ಲ್ಯಾಮಿಂಗ್ಟನ್ ರಸ್ತೆ:

ಸಾಗರದವರೇ, ಲೇಪ ಅಂಟಾಗಿರುವುದು ನಿಮ್ಮ ಬಳಕೆಯ ತಪ್ಪಲ್ಲ. ಆ ಮೆದು ಲೇಪವು ಹೆಚ್ಚಾಗಿ ಪಾಲಿಯುರೆಥೇನ್ ಜಾತಿಯದು, ತೇವದ ಗಾಳಿಯಲ್ಲಿ ವರ್ಷಗಟ್ಟಲೆ ಇದ್ದರೆ ಒಳಗಿಂದಲೇ ಒಡೆದು ಜಿಗುಟಾಗುತ್ತದೆ. ಮುಂಬಯಿಯಲ್ಲಿ ಇಂಥವು ನಮ್ಮ ಮೇಜಿಗೆ ಬರುತ್ತಲೇ ಇರುತ್ತವೆ. ಬಣ್ಣ ಹಚ್ಚಲಿ ಬಿಡಲಿ, ಅದನ್ನಂತೂ ತೆಗೆಯಲೇಬೇಕು, ಏಕೆಂದರೆ ಅದರ ಮೇಲೆ ಹಚ್ಚಿದ ಯಾವ ಬಣ್ಣವೂ ನಿಲ್ಲುವುದಿಲ್ಲ.

ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲನ್ನು ಮುಚ್ಚಳದ ಮೇಲೆ ಸುರಿಯದೆ ಬಟ್ಟೆಗೆ ಹಾಕಿಕೊಂಡು ಒರೆಸಿರಿ. ಮೊದಲ ಬಟ್ಟೆ ಡಾಂಬರು ಒರೆಸಿದಂತೆ ಕಪ್ಪಾಗುತ್ತದೆ, ನಾಲ್ಕೈದು ಬಟ್ಟೆಗಳಾದ ಮೇಲೆ ಅಡಿಯ ಪ್ಲಾಸ್ಟಿಕ್ ನುಣ್ಣಗೆ ಕಾಣುತ್ತದೆ. ಥಿನ್ನರನ್ನಾಗಲಿ ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರನ್ನಾಗಲಿ ಖಂಡಿತ ಮುಟ್ಟಿಸಬೇಡಿ. ಇಂಥ ಮುಚ್ಚಳಗಳಿಗೆ ಬಳಸುವ ಎಬಿಎಸ್ ಎಂಬ ಪ್ಲಾಸ್ಟಿಕ್ಕನ್ನೇ ಅಸಿಟೋನ್ ಕರಗಿಸುತ್ತದೆ.

ಬಿಸಿಯ ಬಗ್ಗೆ ಹೇಳುವುದಾದರೆ, ಪ್ರೊಸೆಸರ್, ಫ್ಯಾನ್, ಬ್ಯಾಟರಿಗಳೆಲ್ಲ ಕೀಬೋರ್ಡಿನ ಕೆಳಭಾಗದಲ್ಲಿರುತ್ತವೆ, ಮುಚ್ಚಳದಲ್ಲಿರುವುದು ಪರದೆ ಮಾತ್ರ. ಆದ್ದರಿಂದ ಮುಚ್ಚಳದ ಹೊರಮೈಗೆ ಹಚ್ಚಿದ ತೆಳು ಬಣ್ಣದಿಂದ ಬಿಸಿ ಹೆಚ್ಚುವುದಿಲ್ಲ. ಕೆಳಭಾಗಕ್ಕೆ ಮಾತ್ರ ಬಣ್ಣ ಬೇಡ, ಗಾಳಿಯ ಕಿಂಡಿಗಳು ಕಟ್ಟಿಕೊಳ್ಳುತ್ತವೆ. ವೈಫೈ ಆಂಟೆನಾದ ತಂತಿಗಳು ಹೆಚ್ಚಿನ ಯಂತ್ರಗಳಲ್ಲಿ ಪರದೆಯ ಅಂಚಿನಲ್ಲೇ ಹಾದುಹೋಗುತ್ತವೆ. ಸಾಮಾನ್ಯ ಬಣ್ಣದಿಂದ ಅವಕ್ಕೆ ತೊಂದರೆಯಿಲ್ಲವಾದರೂ, ಲೋಹದ ಪುಡಿ ಬೆರೆತ ಬೆಳ್ಳಿ, ಬಂಗಾರದ ಬಣ್ಣಗಳು ಸಿಗ್ನಲನ್ನು ತಗ್ಗಿಸಬಲ್ಲವು. ನಿಮ್ಮದು ಕೆಮ್ಮಣ್ಣಿನ ಬಣ್ಣವಾದ್ದರಿಂದ ಆ ಚಿಂತೆ ಬೇಡ.

ನನಗೆ ನಿಜವಾಗಿ ಭಯವಿರುವುದು ಉಜ್ಜುವ ಹಂತದಲ್ಲಿ. ಬಣ್ಣ ಹಿಡಿಯಲೆಂದು ಮುಚ್ಚಳವನ್ನು 600 ನಂಬರಿನ ವಾಟರ್ ಪೇಪರಿನಿಂದ ತಿಕ್ಕುವವರು ಅಂಗೈಯ ಭಾರವನ್ನೆಲ್ಲ ಹಾಕುತ್ತಾರೆ. ಆ ಒತ್ತಡ ನೇರವಾಗಿ ಪರದೆಗೆ ತಗುಲಿ, ಬಿಳಿಯ ಮಚ್ಚೆ ಮೂಡುತ್ತದೆ, ಇಲ್ಲವೇ ಗಾಜೇ ಬಿರಿಯುತ್ತದೆ. ಸಾಧ್ಯವಾದರೆ ಮುಚ್ಚಳದ ಹೊರಕವಚವನ್ನು ಬಿಚ್ಚಿಸಿ ಬೇರೆಯಾಗಿಯೇ ಕೆಲಸ ಮಾಡಿ. ನನ್ನ ಬಳಿ ಒಡೆದ ಪರದೆಯ ಹಳೆಯ ಮುಚ್ಚಳಗಳು ಬಿದ್ದಿವೆ, ಬೇಕಾದರೆ ಒಂದನ್ನು ಒಯ್ದು ಅದರ ಮೇಲೆ ಮೊದಲು ಕೈ ಪಳಗಿಸಿಕೊಳ್ಳಿ.

ಅಲ್ಯೂಮಿನಿಯಂ ಮುಚ್ಚಳದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಈ ದಾರಿ ಹಿಡಿಯಬೇಡಿ. ಆನೊಡೈಸ್ ಮಾಡಿದ, ಅಂದರೆ ವಿದ್ಯುತ್ತಿನಿಂದ ಗಟ್ಟಿ ಪದರ ಕಟ್ಟಿಸಿದ ಮೈಯನ್ನು ಒಮ್ಮೆ ಉಜ್ಜಿದರೆ ಅದು ಮತ್ತೆ ಮನೆಯಲ್ಲಿ ಬರುವಂಥದ್ದಲ್ಲ.

ಕೋಥ್ರೂಡಿನ ಓದುಗ, ಪುಣೆ:

ಅಕ್ಕಾ, ಬಣ್ಣ ಹಚ್ಚಿರಿ, ಆದರೆ ಈ ಮಳೆಗಾಲದಲ್ಲಿ ಬೇಡ. ನಾನು ಕಾಲೇಜಿನಲ್ಲಿದ್ದಾಗ ಜುಲೈ ತಿಂಗಳ ಒಂದು ಮಧ್ಯಾಹ್ನ, ಮಳೆ ಹೊಳವಾಯಿತೆಂದು ಬಾಲ್ಕನಿಯಲ್ಲಿ ಸ್ಪ್ರೇ ಡಬ್ಬಿಯಿಂದ ನೀಲಿ ಬಣ್ಣ ಹೊಡೆದು, ಮೇಲೆ ಬಣ್ಣ ಕಾಯುವ ಪಾರದರ್ಶಕ ಲ್ಯಾಕರ್ ಹೊಡೆದೆ. ಕಣ್ಣೆದುರಿಗೇ ನೀಲಿಯ ಮೇಲೆ ಹಾಲಿನ ಕೆನೆ ಕಟ್ಟಿದಂತೆ ಬಿಳುಪು ಹರಡಿತು. ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿ ತೇವವಿದ್ದರೆ ಅದು ಹಸಿ ಬಣ್ಣದ ಮೇಲೆಯೇ ಸಣ್ಣ ಹನಿಗಳಾಗಿ ಇಳಿಯುತ್ತದೆ. ಇದು ನನಗೆ ಆಮೇಲೆ ತಿಳಿಯಿತು.

ಎರಡನೆಯ ತಪ್ಪು ಅವಸರದ್ದು. ಒಂದು ಗಂಟೆಯಲ್ಲಿ ಕೈಗೆ ಅಂಟದಷ್ಟು ಒಣಗಿತ್ತಾದ್ದರಿಂದ, ಮೂರನೆಯ ದಿನ ಬಟ್ಟೆಯ ಕವರಿನೊಳಗೆ ಹಾಕಿದೆ. ಸಂಜೆ ತೆಗೆದಾಗ ಆ ಬಟ್ಟೆಯ ನೇಯ್ಗೆ ಬಣ್ಣದ ಮೇಲೆ ಅಚ್ಚೊತ್ತಿತ್ತು. ಮುಟ್ಟಿದರೆ ಒಣಗಿದಂತೆ ತೋರುವುದು ಬೇರೆ, ಒಳಗಿನವರೆಗೂ ಗಟ್ಟಿಯಾಗುವುದು ಬೇರೆ.

ಡಿಸೆಂಬರಿನಲ್ಲಿ ಎಲ್ಲವನ್ನೂ ಉಜ್ಜಿ ತೆಗೆದು, ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಹಾಕಿ, ಹದಿನೈದು ಹದಿನೈದು ನಿಮಿಷ ಬಿಟ್ಟು ತೆಳುವಾಗಿ ನಾಲ್ಕು ಸಲ ಹೊಡೆದು, ಮೂರು ವಾರ ಕಪಾಟಿನ ಮೇಲೆ ಹಾಗೆಯೇ ಇಟ್ಟೆ. ನಾಲ್ಕು ವರ್ಷಗಳಾದವು, ಎರಡು ಮೂಲೆಗಳಲ್ಲಿ ಸವೆದಿದೆ, ಉಳಿದದ್ದು ಗಟ್ಟಿಯಾಗಿದೆ. ಹಿಂಜ್ ಬಳಿಯ ಸಂದಿಗೆ ಮಾತ್ರ ಟೇಪ್ ಅಂಟಿಸಿಕೊಳ್ಳಲೇಬೇಕು. ಅಲ್ಲಿ ಬಣ್ಣ ಸೇರಿದರೆ ಮುಚ್ಚಳ ತೆರೆದಂತೆಲ್ಲ ಸಿಪ್ಪೆಯಾಗಿ ಏಳುತ್ತದೆ.

ಮಾಟುಂಗದ ಡ್ರಾಯಿಂಗ್ ಟೀಚರ್:

ಇನ್ನೊಂದು ದಾರಿಯೂ ಇದೆ. ಮಣ್ಣಿನ ಬಣ್ಣದ ಮ್ಯಾಟ್ ವಿನೈಲ್ ಹಾಳೆಯನ್ನು ಅಳತೆಗೆ ಕತ್ತರಿಸಿ ಅಂಟಿಸಿ, ಅದರ ಮೇಲೆ ಅಕ್ರಿಲಿಕ್ ಪೇಂಟ್ ಪೆನ್ನಿನಿಂದ ಬರೆಯಿರಿ. ಬೇಡವೆನಿಸಿದ ದಿನ ಹೇರ್ ಡ್ರೈಯರಿನಿಂದ ತುಸು ಬೆಚ್ಚಗೆ ಮಾಡಿ ಸುಲಿದು ತೆಗೆಯಬಹುದು. ಯಂತ್ರವನ್ನು ಮುಂದೆ ಮಾರುವ ಯೋಚನೆಯಿದ್ದರೆ ಇದೇ ಸರಿ. ಮಾರುವುದಿಲ್ಲವೆಂದಾದರೆ ಕುಂಚದಿಂದ ಬಣ್ಣದ ಮೇಲೆಯೇ ಬರೆಯಿರಿ ಎನ್ನುತ್ತೇನೆ, ಏಕೆಂದರೆ ಹಸೆಯ ಎಳೆಗೆ ಬೇಕಾದ ಸಣ್ಣ ತುದಿ, ಕೈಯ ಒತ್ತಡಕ್ಕೆ ತಕ್ಕಂತೆ ಬಾಗುವ ಗುಣ ಪೆನ್ನಿನಲ್ಲಿ ಸಿಗುವುದಿಲ್ಲ. ಮೇಲೆ ಮ್ಯಾಟ್ ಕ್ಲಿಯರ್ ಎಂಬ ಪಾರದರ್ಶಕ ಲೇಪ ಹಾಕಿ, ಹೊಳಪಿನದು ಬೇಡ. ಮಣ್ಣಿನ ಗೋಡೆ ಹೊಳೆಯುವುದಿಲ್ಲ.

ಸಾಗರದವಳು, ಡೊಂಬಿವಲಿ:

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ವಿನೈಲಿನ ಮಾತು ಓದಿದಾಗ ಒಂದು ಕ್ಷಣ ಅದೇ ಸುಲಭವೆನಿಸಿತು. ಆದರೆ ಈ ಯಂತ್ರವನ್ನು ನಾನು ಮಾರುವುದಿಲ್ಲ. ಅಜ್ಜಿಯ ಗೋಡೆಯ ಹಸೆಯೂ ಮಾಸುತ್ತಿತ್ತು, ಮುಂದಿನ ಮದುವೆಗೆ ಅದರ ಮೇಲೆಯೇ ಕೆಮ್ಮಣ್ಣು ಬಳಿದು ಹೊಸದಾಗಿ ಬರೆಯುತ್ತಿದ್ದರು. ಆದ್ದರಿಂದ ಮೂಲೆಗಳು ಸವೆಯುವ ಅಂಜಿಕೆ ನನಗಿಲ್ಲ.

ಈ ವಾರ ಅಂಟು ಲೇಪವನ್ನಷ್ಟೇ ತೆಗೆಯುತ್ತೇನೆ. ಬಣ್ಣ ದೀಪಾವಳಿ ಕಳೆದ ಮೇಲೆ, ಹವೆ ಒಣಗಿದಾಗ. ರಿಪೇರಿಯವರೇ, ಶನಿವಾರ ಬೆಳಿಗ್ಗೆ ನಿಮ್ಮ ಕಡೆ ಬರುವವಳಿದ್ದೇನೆ, ದಯವಿಟ್ಟು ಆ ಹಳೆಯ ಮುಚ್ಚಳಗಳಲ್ಲಿ ಒಂದನ್ನು ತೆಗೆದಿಟ್ಟಿರಿ.