ಹೊಲಿಗೆ ಮಷಿನ್‌ಗಳ ಸದ್ದಿನ ನಡುವೆ ಕೇಳಬಹುದಾದ ಹೊಸ ರಾಕ್ ಆಲ್ಬಮ್ ಯಾವುದು?

ಕೌಲ್‌ಬಜಾರ್ ಕತ್ತರಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಕೌಲ್‌ಬಜಾರ್‌ನಲ್ಲಿ ನನ್ನದೊಂದು ಚಿಕ್ಕ ಜೀನ್ಸ್ ಹೊಲಿಗೆ ಘಟಕವಿದೆ. 14 ಮಷಿನ್, ಒಂದು ಕಟಿಂಗ್ ಟೇಬಲ್, ಬಹುಪಾಲು ಜಾಬ್ ವರ್ಕ್, ಅಂದರೆ ಬೇರೆಯವರ ಮಾಲನ್ನು ಕೂಲಿಗೆ ಹೊಲಿದುಕೊಡುವುದು. ಕಾಲೇಜಿನಲ್ಲಿದ್ದಾಗ ಅಮೆರಿಕದ ರಾಕ್ ತಂಡ ನಿರ್ವಾಣಾದ ಒಂದು ಕ್ಯಾಸೆಟ್ಟನ್ನು ಟೇಪು ಸವೆಯುವವರೆಗೆ ಕೇಳಿದವನು ನಾನು. ಆಮೇಲೆ ಮದುವೆ, ಮಕ್ಕಳು, ಸಾಲದ ಕಂತು. ಹದಿನೈದು ವರ್ಷ ಹೊಸದೇನೂ ಕಿವಿಗೆ ಬೀಳಲಿಲ್ಲ.

ಹಳೆಯ ಹುಚ್ಚು ಮತ್ತೆ ಹತ್ತಿದ್ದು ದಿ ಕ್ಯೂರ್ ತಂಡದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ಕೇಳಿದ ಮೇಲೆ. 2008ರ ನಂತರ ಅವರು ತಂದ ಮೊದಲ ಆಲ್ಬಮ್. 2024ರ ನವೆಂಬರ್ 1ರಂದು ಬಂತು. ರಾತ್ರಿ ಎಂಟಕ್ಕೆ ಎಲ್ಲರೂ ಮನೆಗೆ ಹೋದ ಮೇಲೆ ನಾನೊಬ್ಬನೇ ಟೇಬಲ್ ಮೇಲೆ ಬಟ್ಟೆಯ ಪದರ ಹಾಸುತ್ತೇನೆ. ಆ ಹೊತ್ತಿನಲ್ಲಿ ಇದನ್ನು ಹಚ್ಚಿದೆ. ಮೊದಲ ಹಾಡಿನಲ್ಲಿ ಗಾಯಕ ರಾಬರ್ಟ್ ಸ್ಮಿತ್ ಬಾಯಿ ತೆರೆಯುವುದಕ್ಕೆ ಮೂರು ನಿಮಿಷಕ್ಕೂ ಹೆಚ್ಚು ಕಾಯಬೇಕು. ನಾಲ್ಕು ಪದರ ಹಾಸಿ ಐದನೆಯದರ ಅಂಚು ಹಿಡಿದಿದ್ದೆ, ದನಿ ಬಂತು, ಕೈ ನಿಂತಿತು. ಅದೇ ಆಲ್ಬಮ್‌ನಲ್ಲಿ ತೀರಿಹೋದ ತನ್ನ ಅಣ್ಣನ ಬಗ್ಗೆ ಅವನು ಹಾಡಿದ್ದಾನೆ. ನಾನೂ ಅಣ್ಣನನ್ನು ಕಳೆದುಕೊಂಡವನು. ಆ ಹಾಡು ಮುಗಿಯುವವರೆಗೆ ಕತ್ತರಿ ಮುಟ್ಟಲಿಲ್ಲ.

ರಾತ್ರಿಯ ಮಾತು ಹಾಗಾಯಿತು. ತೊಂದರೆ ಇರುವುದು ಹಗಲಿನಲ್ಲಿ. ಘಟಕದಲ್ಲಿ 11 ಮಂದಿ ಹೆಂಗಸರು, ಮೂವರು ಹುಡುಗರು. ಸ್ಪೀಕರ್‌ನಲ್ಲಿ ದಿನವಿಡೀ ಅವರಿಗೆ ಬೇಕಾದ ಹಾಡು. ಊಟದ ನಂತರದ ಒಂದು ಗಂಟೆಯನ್ನು ಮಾತ್ರ ನನಗೆ ಬಿಟ್ಟುಕೊಟ್ಟಿದ್ದಾರೆ. ಆದರೆ ಅಂಚು ಹೊಲಿಯುವ ಓವರ್‌ಲಾಕ್, ಬಿಗಿ ಹೊಲಿಗೆಯ ಬಾರ್‌ಟ್ಯಾಕ್ ಮಷಿನ್ ಎಲ್ಲ ಒಟ್ಟಿಗೆ ಶುರುವಾದರೆ ಗಿಟಾರ್ ಪೂರ್ತಿ ಕರಗಿಹೋಗುತ್ತದೆ. ಯಾರೋ ದೂರದಲ್ಲಿ ಜಗಳವಾಡುತ್ತಿರುವಂತೆ ದನಿಯೊಂದು ಉಳಿಯುತ್ತದೆ.

2024ರಿಂದ ಈಚೆಗೆ ಬಂದ ಪಂಕ್, ಇಂಡಿ, ಆಲ್ಟರ್ನೇಟಿವ್ ಆಲ್ಬಮ್‌ಗಳಲ್ಲಿ ಈ ಸದ್ದಿಗೆ ಎದುರು ನಿಲ್ಲುವಂಥದ್ದು ಯಾವುದು? ಬಿಡಿ ಹಾಡುಗಳ ಪಟ್ಟಿ ಬೇಡ. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಮಾಡಿದವರು ಜೋಡಿಸಿದ ಕ್ರಮದಲ್ಲೇ ಕೇಳುವಂಥದ್ದು ಬೇಕು. ಪ್ಯಾಂಟಿನ ಜೇಬನ್ನು ಕೊನೆಯಲ್ಲಿ ಹೊಲಿಯಲು ಬರುವುದಿಲ್ಲ. ಆಲ್ಬಮ್ ಕೂಡ ಹಾಗೆಯೇ ಎಂದು ನಂಬಿದವನು ನಾನು.

ರಾತ್ರಿ ಪಾಳಿ, ಶಕ್ತಿನಗರ

ಸರ್, ಮೊದಲು ಒಂದು ಮಾತು. ಮಷಿನ್ ಸದ್ದನ್ನು ಮೀರಿಸಲು ಸ್ಪೀಕರ್ ಏರಿಸಬೇಡಿ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಕಳೆಯುವುದೇ ಕಿವಿಗೆ ಅಪಾಯ. ವಿದ್ಯುತ್ ಸ್ಥಾವರದ ಟರ್ಬೈನ್ ಪಕ್ಕದಲ್ಲಿ ವರ್ಷಗಟ್ಟಲೆ ದುಡಿದವನ ಅನುಭವದ ಮಾತಿದು. ನನ್ನ ಎಡಗಿವಿಯಲ್ಲಿ ಈಗ ಸದಾ ಒಂದು ಸಿಳ್ಳೆ ಇರುತ್ತದೆ.

ನನ್ನ ಆಯ್ಕೆ ಕಿಮ್ ಗೋರ್ಡನ್ ಅವರ ‘ದಿ ಕಲೆಕ್ಟಿವ್’. ಸೋನಿಕ್ ಯೂತ್ ಎಂಬ ರಾಕ್ ತಂಡದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದವರು ಅವರೇ. 2024ರ ಮಾರ್ಚ್‌ನಲ್ಲಿ ಇದು ಬಂದಾಗ ಅವರಿಗೆ 70 ವರ್ಷ. ಮೊದಲ ಹಾಡಿನಲ್ಲಿ ಪ್ರಯಾಣಕ್ಕೆ ಕಟ್ಟಿಕೊಳ್ಳಬೇಕಾದ ಸಾಮಾನುಗಳ ಪಟ್ಟಿಯನ್ನು ಓದುತ್ತಾರೆ, ಅಷ್ಟೇ. ಕೆಳಗೆ ಗೋಡೆ ಅದುರುವಂಥ ಬಡಿತ. ಅದನ್ನು ಯಾವ ಮಷಿನ್ ಮುಚ್ಚುತ್ತದೆಯೋ ನೋಡೋಣ.

ಇನ್ನೊಂದು, ಡಬ್ಲಿನ್‌ನ ಫಾಂಟೇನ್ಸ್ ಡಿ.ಸಿ. ತಂಡದ ‘ರೊಮಾನ್ಸ್’, 2024ರ ಆಗಸ್ಟ್. ಎರಡನೆಯ ಹಾಡು ‘ಸ್ಟಾರ್‌ಬರ್ಸ್ಟರ್’ ಗಾಯಕನಿಗೆ ರೈಲು ನಿಲ್ದಾಣದಲ್ಲಿ ದಿಢೀರನೆ ಬಂದ ಭಯದ ಆಘಾತದಿಂದ ಹುಟ್ಟಿದ್ದು. ಹಾಡಿನ ನಡುವೆ ಅವನು ಉಸಿರನ್ನು ಜೋರಾಗಿ ಒಳಗೆಳೆದುಕೊಳ್ಳುತ್ತಾನೆ, ನೀರಿನಿಂದ ಮೇಲೆದ್ದವನಂತೆ. ಆ ಉಸಿರಿನ ಸದ್ದು ಟರ್ಬೈನ್ ಮನೆಯಲ್ಲೂ ನನಗೆ ಕೇಳಿಸಿದೆ.

ನಾಲ್ಕು ತಂತಿ, ಕೊಪ್ಪಳ

ಅಣ್ಣಾ, ನಾನು ಬಾಸ್ ನುಡಿಸುತ್ತೇನೆ, ಹಾಗಾಗಿ ನಿಮ್ಮ ಪ್ರಶ್ನೆ ನನ್ನನ್ನು ಎರಡು ದಿನ ಬಿಡಲಿಲ್ಲ. ಲೆಕ್ಕ ಹಾಕಿ ನೋಡಿದೆ. ಮಷಿನ್ ನಿಮಿಷಕ್ಕೆ 4,400 ಹೊಲಿಗೆ ಹಾಕುತ್ತಿದೆ ಎಂದಿಟ್ಟುಕೊಳ್ಳಿ. 60ರಿಂದ ಭಾಗಿಸಿದರೆ ಸೆಕೆಂಡಿಗೆ 73 ಬಡಿತ. ಬಾಸ್ ಗಿಟಾರಿನ ಡಿ ತಂತಿಯನ್ನು ಬೆರಳೊತ್ತದೆ ಮೀಟಿದರೆ ಬರುವ ಸ್ವರದ ಕಂಪನವೂ ಸೆಕೆಂಡಿಗೆ 73ರ ಸುಮಾರೇ. ನಿಮ್ಮ ಮಷಿನ್ ಡಿ ಸ್ವರ ಹಾಡುತ್ತಿದೆ! ಕಾಲು ಒತ್ತಿದಂತೆ ಸ್ವರ ಏರುತ್ತದೆ, ಬಿಟ್ಟಂತೆ ಇಳಿಯುತ್ತದೆ.

ಅದರ ಮೇಲೆ ಲೋಹದ ಭಾಗಗಳ ಕಟಕಟ ಬೇರೆ. ಡಿಸ್ಟಾರ್ಷನ್ ಹಾಕಿದ, ಅಂದರೆ ಬೇಕೆಂದೇ ಸದ್ದನ್ನು ಒರಟು ಮಾಡಿದ ಗಿಟಾರಿನ ಬಲವೆಲ್ಲ ಇರುವುದು ಆ ಕಟಕಟದ ಮಟ್ಟದಲ್ಲೇ, ಅದಕ್ಕೇ ಕರಗಿಹೋಗುತ್ತದೆ. ಎಡೆಬಿಡದ ಸದ್ದಿನ ನಡುವೆ ಉಳಿಯುವುದು ಥಟ್ಟನೆ ಬಂದು ಥಟ್ಟನೆ ನಿಲ್ಲುವ ಸದ್ದು: ಸ್ನೇರ್, ಕಿಕ್ ಡ್ರಮ್, ನಡುವಿನ ಮೌನ.

ಹಾಗಾಗಿ ಶೆಲ್ಲಾಕ್ ತಂಡದ ‘ಟು ಆಲ್ ಟ್ರೈನ್ಸ್’ ಕೇಳಿ. ಮೂವರೇ ಜನ, 28 ನಿಮಿಷ, ಪ್ರತಿ ವಾದ್ಯದ ಸುತ್ತ ಜಾಗವಿದೆ. ಗಿಟಾರ್ ಮತ್ತು ದನಿ ಸ್ಟೀವ್ ಆಲ್ಬಿನಿಯವರದು. ನೀವು ನಿರ್ವಾಣಾ ಕೇಳಿದವರು, ಆ ತಂಡದ ‘ಇನ್ ಯೂಟರೊ’ ಆಲ್ಬಮನ್ನು 1993ರಲ್ಲಿ ಧ್ವನಿಮುದ್ರಿಸಿದವರು ಇವರೇ. ಆಲ್ಬಮ್ ಮಾರಾಟದಲ್ಲಿ ಪಾಲು ಬೇಡ, ಕೊಳಾಯಿ ಕೆಲಸದವನಂತೆ ಮಾಡಿದ ಕೆಲಸಕ್ಕೆ ಕೂಲಿ ಕೊಟ್ಟರೆ ಸಾಕು ಎಂದು ಆ ತಂಡಕ್ಕೆ ಪತ್ರ ಬರೆದಿದ್ದರು. ಜಾಬ್ ವರ್ಕ್ ಮಾಡುವ ನಿಮಗೆ ಈ ಮಾತು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಆಲ್ಬಿನಿ 2024ರ ಮೇ 7ರಂದು 61ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಹತ್ತು ದಿನಕ್ಕೆ ಆಲ್ಬಮ್ ಬಿಡುಗಡೆಯಾಯಿತು. ಕೊನೆಯ ಹಾಡಿನಲ್ಲಿ ನರಕಕ್ಕೆ ಹೆದರುವುದಿಲ್ಲ ಎನ್ನುತ್ತಾರೆ. ಅದನ್ನು ಸಾವಿಗೆ ಮೊದಲೇ ಹಾಡಿಟ್ಟಿದ್ದರು ಎಂಬುದು ನೆನಪಾದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಎಲ್ಲರೂ ಟರ್ನ್‌ಸ್ಟೈಲ್ ಎನ್ನುತ್ತಾರೆ, ಅದಕ್ಕೆ ಮರುಳಾಗಬೇಡಿ. ಬಾಲ್ಟಿಮೋರ್‌ನ ಹಾರ್ಡ್‌ಕೋರ್ ತಂಡ, ಅಂದರೆ ಪಂಕ್‌ನ ಇನ್ನೂ ಬಿರುಸಾದ ಬಗೆ, ಆದರೆ ‘ನೆವರ್ ಎನಫ್’ ಆಲ್ಬಮ್‌ನಲ್ಲಿ ಅಂಚನ್ನೆಲ್ಲ ಉಜ್ಜಿ ನುಣುಪು ಮಾಡಿಬಿಟ್ಟಿದ್ದಾರೆ.

ಹಾಸ್ಟೆಲ್ ಮಹಡಿ, ಬಳ್ಳಾರಿ

ಅಣ್ಣಾ, ನಾನು ಇಲ್ಲಿ ವೈದ್ಯಕೀಯ ಓದುತ್ತಿದ್ದೇನೆ. ಘಟಕದಲ್ಲಿ 11 ಮಂದಿ ಹೆಂಗಸರು ಎಂದಿರಿ. ಹಾಗಿದ್ದರೆ ಬ್ರೈಟನ್‌ನ ಲ್ಯಾಂಬ್ರಿನಿ ಗರ್ಲ್ಸ್ ಅವರ ‘ಹೂ ಲೆಟ್ ದ ಡಾಗ್ಸ್ ಔಟ್’ ಹಾಕಿ. 2025ರ ಜನವರಿ 10ರಂದು ಬಂತು, ಅರ್ಧ ಗಂಟೆಯೂ ಇಲ್ಲ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಕಿರುಕುಳದ ಬಗ್ಗೆ ಅದರಲ್ಲಿ ಒಂದು ಹಾಡಿದೆ. ಇಂಗ್ಲಿಷ್ ತಿಳಿಯದಿದ್ದರೂ ಸಿಟ್ಟು ತಿಳಿಯುತ್ತದೆ. ಲಾಸ್ ಏಂಜಲೀಸ್‌ನ ದಿ ಲಿಂಡಾ ಲಿಂಡಾಸ್ ಕೂಡ ಇದ್ದಾರೆ. 2021ರಲ್ಲಿ ಗ್ರಂಥಾಲಯವೊಂದರಲ್ಲಿ ಹಾಡಿ ಹೆಸರಾದ ಹುಡುಗಿಯರು. ಅವರ ‘ನೋ ಆಬ್ಲಿಗೇಷನ್’ 2024ರ ಅಕ್ಟೋಬರ್‌ನದು.

ಕೊಪ್ಪಳದ ಅಣ್ಣನ ಮಾತನ್ನು ನಾನು ಒಪ್ಪುವುದಿಲ್ಲ. ‘ನೆವರ್ ಎನಫ್’ 2025ರ ಜೂನ್ 6ರಂದು ಬಂದಾಗ ನನಗೆ ಪರೀಕ್ಷೆ ನಡೆಯುತ್ತಿತ್ತು. ಮಹಡಿಯ ಮೇಲೆ ಕುಳಿತು, ಎದುರಿಗೆ ಬಳ್ಳಾರಿ ಗುಡ್ಡದ ಬಂಡೆಯ ಕಾವು ಇನ್ನೂ ಆರದಿರುವಾಗ, ಪೂರ್ತಿ ಕೇಳಿದೆ. ‘ಸನ್‌ಶವರ್’ ಎಂಬ ಹಾಡು ಓಡುತ್ತಾ ಶುರುವಾಗಿ ಕೊನೆಗೆ ಕೊಳಲಿನಲ್ಲಿ ಕರಗುತ್ತದೆ. ಹಾರ್ಡ್‌ಕೋರ್ ತಂಡವೊಂದು ಅಷ್ಟು ಮೆತ್ತಗಾಗಲು ಧೈರ್ಯ ಬೇಕು. ಅದನ್ನು ನುಣುಪು ಎನ್ನುವುದು ಅನ್ಯಾಯ.

ಒಂದು ಕೋರಿಕೆ. ಇಷ್ಟವಾದದ್ದು ಸಂಗೀತ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಇದ್ದರೆ ಅಲ್ಲೇ ಕೊಳ್ಳಿ. ಕ್ರಮ ತಪ್ಪದೆ ಕೇಳಬಹುದು, ಹಣದ ಹೆಚ್ಚಿನ ಪಾಲು ತಂಡಕ್ಕೇ ಹೋಗುತ್ತದೆ.

ಕೌಲ್‌ಬಜಾರ್ ಕತ್ತರಿ, ಬಳ್ಳಾರಿ

ಎಲ್ಲರಿಗೂ ಮನಸಾರೆ ಧನ್ಯವಾದ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಯಾಕೆಂದರೆ ಎಲ್ಲವನ್ನೂ ಕೇಳಿಯೇ ಬರೆಯಬೇಕೆಂದಿತ್ತು.

ಕಿಮ್ ಗೋರ್ಡನ್ ಗೆದ್ದರು. ಕಿಟಕಿಯ ಗಾಜು ನಡುಗಿತು. ಶೆಲ್ಲಾಕ್‌ನ ಡ್ರಮ್ಮಿನ ಸದ್ದು ಹೊಲಿಗೆ ಮಷಿನ್‌ಗಳ ನಡುವೆ ಸುತ್ತಿಗೆಯಂತೆ ಕೇಳುತ್ತದೆ, ಲೆಕ್ಕ ಹಾಕಿದ ತಮ್ಮನಿಗೆ ನಮಸ್ಕಾರ. ಆ ಆಲ್ಬಮ್ ನನಗೆ ರಾತ್ರಿಯದ್ದೂ ಆಯಿತು. ‘ಸ್ಟಾರ್‌ಬರ್ಸ್ಟರ್’ ಬಂದಾಗಲೆಲ್ಲ ಇಬ್ಬರು ಹುಡುಗರು ಆ ಉಸಿರನ್ನು ತಾವೂ ಎಳೆಯುತ್ತಾರೆ. ಲ್ಯಾಂಬ್ರಿನಿ ಗರ್ಲ್ಸ್ ಹಾಕಿದ ದಿನ ಬಾರ್‌ಟ್ಯಾಕ್ ಮೇಲೆ ಕೂರುವ ಹುಡುಗಿ, ಇವರು ಯಾರ ಮೇಲೆ ಇಷ್ಟು ಕೂಗುತ್ತಿದ್ದಾರೆ ಎಂದು ಕೇಳಿದಳು. ಹೇಳಿದೆ. ಮಾರನೆಯ ದಿನವೂ ಅದನ್ನೇ ಹಾಕಿ ಎಂದಳು.

ಟರ್ನ್‌ಸ್ಟೈಲ್ ಬಗ್ಗೆ ಬರೆಯಲೇಬೇಕು. ಮೂರು ದಿನ ಹಾಕಿದೆ, ಡ್ರಮ್ ಬಿಟ್ಟರೆ ಏನೂ ಕೇಳಿಸಲಿಲ್ಲ. ನಾಲ್ಕನೆಯ ದಿನ ಮೂರು ಗಂಟೆಗೆ ಕರೆಂಟ್ ಹೋಯಿತು. 14 ಮಷಿನ್‌ಗಳೂ ಒಂದೇ ಸಲ ನಿಂತವು. ಸ್ಪೀಕರ್ ಮಾತ್ರ ಬ್ಯಾಟರಿಯದ್ದು, ಅದು ನಿಲ್ಲಲಿಲ್ಲ. ‘ಸನ್‌ಶವರ್’ನ ಕೊನೆಯ ಭಾಗ ನಡೆಯುತ್ತಿತ್ತು. ದಾರದ ಚೂರು, ನೀಲಿ ಧೂಳು, ಸೆಖೆ, ಅದರ ನಡುವೆ ಕೊಳಲು.

ಓವರ್‌ಲಾಕ್ ಮೇಲೆ ಕೂರುವ ಅಕ್ಕ ಸ್ಪೀಕರ್ ಕಡೆ ತಿರುಗಿ, “ಇದರಲ್ಲಿ ಕೊಳಲು ಬೇರೆ ಇತ್ತೇ?” ಎಂದಳು. ಅವಳದ್ದು ಪೀಸ್ ಲೆಕ್ಕದ ಕೂಲಿ, ಮಷಿನ್ ನಿಂತರೆ ಅಷ್ಟು ನಷ್ಟ. ಕರೆಂಟ್ ಹೋದರೆ ಜನರೇಟರ್ ಹಾಕಿ ಎಂದು ಮೊದಲು ಕೂಗುವವಳು ಅವಳೇ. ಅವತ್ತು ಜನರೇಟರ್ ಹಾಕಲು ಎದ್ದ ಹುಡುಗನಿಗೆ, ಹಾಡು ಮುಗಿಯಲಿ ಎಂದು ಕೈಸನ್ನೆ ಮಾಡಿದಳು.